ಉಂಡೆಲೋದಿಂದ ಉಂಡೆಲೋಗೆ: ಲ್ಯೂನೆಬುರ್ಗ್ ಹೈಡೆಯಲ್ಲಿ ಒಂದು ದಿನದ ಸುತ್ತು ನಡಿಗೆ

ಉತ್ತರ ಜರ್ಮನಿಯಲ್ಲಿ ಹ್ಯಾಂಬರ್ಗ್, ಬ್ರೆಮೆನ್, ಹ್ಯಾನೋವರ್ ಮೂರರ ನಡುವೆ ಒಂದು ದೊಡ್ಡ ಕುರುಚಲು ಬಯಲಿದೆ. ಹೆಸರು ಲ್ಯೂನೆಬುರ್ಗರ್ ಹೈಡೆ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಕಂದು ಬಣ್ಣದ ಸುಮ್ಮನಿರುವ ನೆಲ. ಆಗಸ್ಟ್ ಬಂದರೆ ಹೆದರ್ ಎಂಬ ಮೊಣಕಾಲೆತ್ತರದ ಗಿಡಗಳೆಲ್ಲ ಹೂ ಬಿಟ್ಟು, ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣ.

ಈ ಬಯಲಿನ ನಡುವೆ, ಉಂಡೆಲೋ ಎಂಬ ಹಳ್ಳಿಯಿಂದ ಹೊರಟು ಅಲ್ಲಿಗೇ ಮರಳುವ ಒಂದು ಸುತ್ತು ದಾರಿ ಇದೆ. ಸುಮಾರು 14 ಕಿಲೋಮೀಟರ್. ಏರು ಇದ್ದರೂ ಏದುಸಿರು ಬರುವಷ್ಟಲ್ಲ. ಎಲ್ಲ ಸೇರಿ ನೂರು ಮೀಟರ್ ಆಸುಪಾಸು ಮೇಲೆ ಹೋಗುತ್ತೀರಿ, ಅಷ್ಟೆ. ನಡೆಯಲು ನಾಲ್ಕು ಗಂಟೆ, ನೋಡಲು, ಕೂರಲು, ತಿನ್ನಲು ಇನ್ನೆರಡು ಗಂಟೆ ಇಟ್ಟುಕೊಳ್ಳಿ. ಹ್ಯಾಂಬರ್ಗ್ ಕಡೆ ಇರುವ ಕನ್ನಡಿಗರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಬಹುದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಇದು ಕಾಡಲ್ಲ, ತಾನಾಗಿ ಹುಟ್ಟಿದ ಬಯಲೂ ಅಲ್ಲ. ಜನ ಮತ್ತು ಕುರಿ ಸೇರಿ ಸಾವಿರಾರು ವರ್ಷ ದುಡಿದು ಮಾಡಿದ ನೆಲ. ಹೂವಿನ ಫೋಟೋ ತೆಗೆದು ವಾಪಸ್ ಬರುವವರೇ ಜಾಸ್ತಿ. ಆ ದುಡಿಮೆಯ ಗುರುತುಗಳು ದಾರಿಯುದ್ದಕ್ಕೂ ಕಾಣುತ್ತವೆ, ಅವನ್ನು ಹುಡುಕುತ್ತಾ ನಡೆದರೆ ಈ 14 ಕಿಲೋಮೀಟರ್ ಬೇರೆಯೇ ಆಗುತ್ತದೆ.

ಯಾವಾಗ ಹೋಗಬೇಕು

ಅಲ್ಲಿನವರ ಲೆಕ್ಕ ಸುಲಭ: ಎಂಟನೇ ತಿಂಗಳ ಎಂಟರಿಂದ ಒಂಬತ್ತನೇ ತಿಂಗಳ ಒಂಬತ್ತರವರೆಗೆ. ಆಗಸ್ಟ್ 8ರಿಂದ ಸೆಪ್ಟೆಂಬರ್ 9ರ ನಡುವೆ ಹೂವು ಇರುತ್ತದೆ. ಮಳೆ ಸರಿಯಾಗಿ ಬಿದ್ದ ವರ್ಷ ಬಣ್ಣ ಗಾಢ. ಬರ ಬಿದ್ದ ವರ್ಷ ಗಿಡಗಳು ಕಂದಾಗಿ ಉಳಿದುಬಿಡುವುದೂ ಉಂಟು. ಹಾಗಾಗಿ ಹೊರಡುವ ಹಿಂದಿನ ವಾರ ಹೂವಿನ ಸ್ಥಿತಿ ಹೇಗಿದೆ ಅಂತ ನೋಡಿಕೊಳ್ಳಿ. ಹೂವಿನ ಕಾಲದಲ್ಲಿ ಅಲ್ಲಿನ ಪ್ರವಾಸೋದ್ಯಮದವರು ಅದರ ಸುದ್ದಿ ಕೊಡುತ್ತಲೇ ಇರುತ್ತಾರೆ.

ಹೂವಿನ ಕಾಲದ ಶನಿವಾರ, ಭಾನುವಾರ ಮಾತ್ರ ಬೇಡ. ಜಾತ್ರೆಯಷ್ಟು ಜನ. ರಜೆ ಹಾಕಿಯಾದರೂ ಮಂಗಳವಾರವೋ ಬುಧವಾರವೋ ಹೋಗಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು. ಹೂವು ಸ್ವಲ್ಪ ಮಾಗಿರುತ್ತದೆ, ಬೆಳಗಿನ ಮಂಜು ಶುರುವಾಗಿರುತ್ತದೆ, ಜೇಡರ ಬಲೆಗಳ ಮೇಲೆಲ್ಲ ನೀರ ಹನಿ.

ತಲುಪುವುದು

ಹ್ಯಾಂಬರ್ಗ್ ಮುಖ್ಯ ನಿಲ್ದಾಣದಿಂದ ಬುಖ್‌ಹೋಲ್ಟ್ಸ್‌ಗೆ ರೀಜನಲ್ ರೈಲು ಹಿಡಿಯಿರಿ. ಸುಮಾರು ಅರ್ಧ ಗಂಟೆ. ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಇದ್ದರೆ ಬೇರೆ ಟಿಕೆಟ್ ಬೇಕಿಲ್ಲ. ಅಲ್ಲಿಂದ ಉಂಡೆಲೋ ಕಡೆಗೆ ಹೈಡೆ ಶಟಲ್ ಎಂಬ ಬಸ್ಸು ಓಡುತ್ತದೆ. ಜುಲೈ 15ರಿಂದ ಅಕ್ಟೋಬರ್ 15ರವರೆಗೆ ಮಾತ್ರ, ಆದರೆ ಪೂರ್ತಿ ಉಚಿತ. ಸೈಕಲ್ ಒಯ್ಯಲು ಹಿಂದೆ ಗಾಡಿಯೂ ಇರುತ್ತದೆ. ದಿನಕ್ಕೆ ಕೆಲವೇ ಸಲ ಬರುವ ಬಸ್ಸು ಇದು, ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಒಮ್ಮೆ ಅಕ್ಟೋಬರ್ ಕೊನೆಯಲ್ಲಿ ಗೆಳೆಯರ ಜೊತೆ ಹೋದಾಗ ಶಟಲ್ ಆ ವರ್ಷಕ್ಕೆ ಮುಗಿದಿದ್ದು ನಾನು ನೋಡಿರಲಿಲ್ಲ. ಬುಖ್‌ಹೋಲ್ಟ್ಸ್‌ನಿಂದ ಹೋಗಿಬರಲು ಟ್ಯಾಕ್ಸಿಗೆ ಕೊಟ್ಟ ಹಣ ಇವತ್ತಿಗೂ ನೆನಪಿದೆ.

ಕಾರಿನಲ್ಲಿ ಹೋದರೆ ಉಂಡೆಲೋದಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಪ್ರವಾಸಿಗರ ಕಾರು, ಬೈಕ್ ಯಾವುದೂ ಹೋಗುವಂತಿಲ್ಲ. ನಡೆಯಬೇಕು, ಸೈಕಲ್ ತುಳಿಯಬೇಕು, ಇಲ್ಲವೇ ಕುದುರೆ ಗಾಡಿ ಹತ್ತಬೇಕು.

ಚೀಲದಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು. ಬಯಲಿನಲ್ಲಿ ನೆರಳು ಬಹಳ ಕಡಿಮೆ, ಹಾಗಾಗಿ ಟೋಪಿ. ಮಳೆ ಹೇಳಿ ಕೇಳಿ ಬರುವುದಿಲ್ಲ, ತೆಳು ಮಳೆ ಅಂಗಿ ಇರಲಿ. ದಾರಿ ಬಹುಪಾಲು ಮರಳು, ಚಪ್ಪಲಿ ಬೇಡ, ಕಾಲು ಮುಚ್ಚುವ ಶೂ ಹಾಕಿ. ಬೆಟ್ಟ ಹತ್ತುವ ಭಾರದ ಬೂಟು ಬೇಕಿಲ್ಲ. ಸ್ವಲ್ಪ ನಗದು ಹಣ ಇಟ್ಟುಕೊಳ್ಳಿ, ಹಳ್ಳಿಗಳಲ್ಲಿ ಜೇನು ಮಾರುವ ಕಡೆ ಕಾರ್ಡ್ ನಡೆಯದೆ ಇರಬಹುದು. ಫೋನ್ ಸಿಗ್ನಲ್ ಎಲ್ಲ ಕಡೆ ಇರುತ್ತದೆ ಅಂತ ನಂಬಬೇಡಿ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ. ಸಸ್ಯಾಹಾರಿಗಳು ಚಪಾತಿಯನ್ನೋ ಚಿತ್ರಾನ್ನವನ್ನೋ ಕಟ್ಟಿಕೊಂಡು ಹೋದರೆ ಕ್ಷೇಮ. ಅಲ್ಲಿನ ಊಟದ ಪಟ್ಟಿಯಲ್ಲಿ ಕುರಿ ಮಾಂಸವೇ ಮುಂದೆ.

ಇನ್ನೊಂದು, ಉದ್ದ ಪ್ಯಾಂಟು. ಕಾರಣ ಉಣುಗು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿನ ಉಣುಗು ಮುಖ್ಯವಾಗಿ ಲೈಮ್ ಎಂಬ ಕಾಯಿಲೆ ಹರಡುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಹುಲ್ಲಿನಲ್ಲಿ ಕೂರುವಾಗ ಏನಾದರೂ ಹಾಸಿಕೊಳ್ಳಿ.

ಮೊದಲ ಹೆಜ್ಜೆ: ಉಂಡೆಲೋ ಚರ್ಚು

ಬೆಳಿಗ್ಗೆ ಆದಷ್ಟು ಬೇಗ ಉಂಡೆಲೋದಲ್ಲಿದ್ದರೆ ಒಳ್ಳೆಯದು. ಬಸ್ಸಿಳಿದ ಕೂಡಲೇ ದಾರಿ ಹಿಡಿಯಬೇಡಿ, ಊರಿನ ಹಳೆಯ ಚರ್ಚನ್ನು ನೋಡಿ. 12ನೇ ಶತಮಾನದಷ್ಟು ಹಳೆಯದು. ಗದ್ದೆ ಬಯಲಲ್ಲಿ ಸಿಕ್ಕ ಗುಂಡುಕಲ್ಲುಗಳನ್ನೇ ಪೇರಿಸಿ ಗೋಡೆ ಕಟ್ಟಿದ್ದಾರೆ. ಘಂಟೆಯ ಗೋಪುರ ಮಾತ್ರ ಮರದ್ದು.

ಈ ಗುಂಡುಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡಿ. ಇವು ಇಲ್ಲಿನ ಕಲ್ಲುಗಳೇ ಅಲ್ಲ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾದಿಂದ ಜಾರಿ ಬಂದ ಹಿಮದ ಹಾಸು ಇವನ್ನು ಹೊತ್ತು ತಂದು ಇಲ್ಲಿ ಬಿಟ್ಟಿತು. ಮರಳು, ಜಲ್ಲಿಯನ್ನೂ ಅದೇ ತಂದು ಸುರಿಯಿತು. ಇಲ್ಲಿನ ಮಣ್ಣು ಇಷ್ಟು ಬಡವಾಗಿರುವುದಕ್ಕೆ ಅದೇ ಕಾರಣ. ಮಳೆ ಬಿದ್ದರೆ ನೀರು ನಿಲ್ಲದೆ ಸೋರಿಹೋಗುತ್ತದೆ, ಜೊತೆಗೆ ಸಾರವೂ.

ಎರಡನೇ ಹೆಜ್ಜೆ: ವಿಲ್ಸೆಡೆಗೆ, ಸುಮಾರು ನಾಲ್ಕೂವರೆ ಕಿಲೋಮೀಟರ್

ಊರ ದಕ್ಷಿಣಕ್ಕೆ ವಿಲ್ಸೆಡೆ ಎಂದು ಬರೆದ ಕೈಮರ ಹಿಡಿದು ನಡೆಯಿರಿ. ಕುದುರೆ ಗಾಡಿಗಳು ಹೋಗುವುದೂ ಇದೇ ದಾರಿಯಲ್ಲಿ. ಕಲ್ಲು ಹಾಸಿದ ದಾರಿಯಲ್ಲಿ ಅವು ಬರಲಿ, ನೀವು ಪಕ್ಕದ ಮರಳಿನ ಕಾಲುದಾರಿಯಲ್ಲಿ ನಡೆಯಿರಿ. ಗಾಡಿ ಬಂದಾಗ ಬದಿಗೆ ನಿಂತು ದಾರಿ ಬಿಡಬೇಕು. ಕೈ ಬೀಸಿ ಕುದುರೆಯನ್ನು ಬೆದರಿಸಬೇಡಿ.

ದಾರಿ ಸ್ವಲ್ಪ ಮರಗಳ ನಡುವೆ ಹೋಗಿ, ಬಯಲಿಗೆ ತೆರೆದುಕೊಳ್ಳುತ್ತದೆ. ಬಯಲಲ್ಲಿ ಅಲ್ಲಲ್ಲಿ ನೆಟ್ಟಗೆ ನಿಂತ ಕಡು ಹಸಿರು ಗಿಡಗಳು ಕಾಣುತ್ತವೆ. ದೂರದಿಂದ ಮನುಷ್ಯರು ನಿಂತ ಹಾಗೆ. ಅವು ಜೂನಿಪರ್. ಮುಳ್ಳಿನಂಥ ಎಲೆ ಇರುವುದರಿಂದ ಕುರಿ ಬಾಯಿ ಹಾಕುವುದಿಲ್ಲ, ಅದಕ್ಕೇ ಉಳಿದಿವೆ. ಇಲ್ಲಿ ಬೇರೆ ಮರ ಯಾಕಿಲ್ಲ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ.

ಹಿಂದೆ ಇಲ್ಲೆಲ್ಲ ಕಾಡಿತ್ತು. ಜನ ಕಡಿದರು, ಸುಟ್ಟರು, ದನ ಕುರಿ ಬಿಟ್ಟರು. ಬಡ ಮರಳು ನೆಲದಲ್ಲಿ ಹೆದರ್ ಗಿಡ ಮಾತ್ರ ಚೆನ್ನಾಗಿ ಬೆಳೆಯಿತು. ಇದಕ್ಕೆ ಬೇಕೆಂದೇ ಹೇಳಿ ಮಾಡಿಸಿದ ಹಾಗಿರುವುದು ಹೈಡ್‌ಶ್ನುಕ್ಕೆ ಎಂಬ ಕುರಿ ತಳಿ. ಮೈ ಬೂದು, ಮುಖ ಮತ್ತು ಕಾಲು ಕಪ್ಪು. ಟಗರಿಗೆ ಮಾತ್ರವಲ್ಲ, ಹೆಣ್ಣು ಕುರಿಗೂ ಕೊಂಬಿರುತ್ತದೆ. ಮರಿ ಹುಟ್ಟುವಾಗ ಪೂರ್ತಿ ಕಪ್ಪು, ಬೆಳೆಯುತ್ತಾ ಬೂದಾಗುತ್ತದೆ. ಹೆದರ್ ಗಿಡದ ಕುಡಿ ತಿಂದೇ ಬದುಕಬಲ್ಲ ಕುರಿ ಇದು. ಮೇಯುತ್ತಾ ಬರ್ಚ್, ಪೈನ್ ಸಸಿಗಳನ್ನೂ ಚಿವುಟುತ್ತದೆ. ಕುರಿ ಮೇಯುವುದು ನಿಂತರೆ ಕೆಲವೇ ವರ್ಷದಲ್ಲಿ ಇಲ್ಲಿ ಮರ ಏಳುತ್ತದೆ, ನೇರಳೆ ಬಯಲು ಹೋಗುತ್ತದೆ.

ಮಂದೆ ಎದುರಾದರೆ ನಿಂತುಬಿಡಿ. ಫೋಟೋಗಾಗಿ ಒಳಗೆ ನುಗ್ಗಬೇಡಿ. ಕುರಿ ಕಾಯುವವರಿಗೆ ‘ಮೊಯಿನ್’ ಅನ್ನಿ, ಉತ್ತರ ಜರ್ಮನಿಯ ನಮಸ್ಕಾರ ಅದು. ಬೆಳಿಗ್ಗೆ, ರಾತ್ರಿ ಯಾವಾಗಲಾದರೂ ನಡೆಯುತ್ತದೆ. ಕುರಿ ನಡೆದ ಜಾಗದಲ್ಲಿ ಜೇಡರ ಬಲೆ ಹರಿದು ಜೇನುಹುಳಗಳಿಗೆ ಹೂವಿನ ದಾರಿ ಸಲೀಸಾಗುತ್ತದೆ ಅಂತ ಅಲ್ಲಿನ ಜೇನು ಸಾಕುವವರು ಹೇಳುತ್ತಾರೆ.

ಮೂರನೇ ಹೆಜ್ಜೆ: ವಿಲ್ಸೆಡೆಯಲ್ಲಿ ನಿಧಾನ

ಇಲ್ಲಿ ಕನಿಷ್ಠ ಒಂದು ಗಂಟೆ ಕೊಡಿ. ವಿಲ್ಸೆಡೆ ಅಂದರೆ ಕೆಲವೇ ಮನೆಗಳ ಊರು. ದೊಡ್ಡ ಓಕ್ ಮರಗಳು, ಹುಲ್ಲು ಹೊದಿಸಿದ ಮಾಡು, ಗುಂಡುಕಲ್ಲಿನ ಪಾಗಾರ. ಕಾರಿನ ಸದ್ದಿಲ್ಲ. ಮನೆ ಸುತ್ತ ಓಕ್ ನೆಟ್ಟಿದ್ದು ಅಂದಕ್ಕಲ್ಲ. ಗಾಳಿ ತಡೆಯುತ್ತದೆ, ಮನೆ ಕಟ್ಟಲು ಮರವಾಗುತ್ತದೆ, ಬಿದ್ದ ಕಾಯಿ ಹಂದಿಗೆ ಮೇವು.

ಊರಲ್ಲಿ ‘ದಾಟ್ ಓಲೆ ಹೂಸ್’ ಎಂಬ ಮ್ಯೂಸಿಯಂ ಇದೆ. ಅಲ್ಲಿನ ಆಡುಮಾತಲ್ಲಿ ‘ಹಳೇ ಮನೆ’ ಅಂತ ಅರ್ಥ. 1742ರ ರೈತರ ಮನೆಯೊಂದನ್ನು ಹತ್ತಿರದ ಹಾನ್‌ಸ್ಟೆಟ್ ಊರಿನಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿ, 1907ರಲ್ಲಿ ಜನರಿಗೆ ತೆರೆದರು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹೂವಿನ ಕಾಲದಲ್ಲಿ ತೆರೆದಿರುತ್ತದೆ. ತಪ್ಪಿಸಬೇಡಿ.

ಒಳಗೆ ಹೋದ ಕೂಡಲೇ ಗೊತ್ತಾಗುವುದು, ಮನೆಗೂ ಕೊಟ್ಟಿಗೆಗೂ ಒಂದೇ ಸೂರು. ಹುಲ್ಲಿನ ಗಾಡಿ ಒಳಗೇ ಬರುವಷ್ಟು ದೊಡ್ಡ ಬಾಗಿಲು. ನಡುವೆ ಅಂಗಳದಂಥ ಜಾಗ, ಎರಡೂ ಬದಿಗೆ ದನ, ಕೊನೆಯಲ್ಲಿ ನೆಲದ ಮೇಲೇ ಒಲೆ. ಹೊಗೆಗೂಡು ಇಲ್ಲ. ಹೊಗೆ ಮೇಲೆ ಏರಿ ಹುಲ್ಲಿನ ಮಾಡಿನೊಳಗೆ ಆಡಿ ಹೊರಹೋಗುತ್ತಿತ್ತು. ಅಟ್ಟದ ಕಾಳು ಒಣಗುತ್ತಿತ್ತು, ಹುಳ ಹಿಡಿಯುತ್ತಿರಲಿಲ್ಲ, ತೂಗುಹಾಕಿದ ಮಾಂಸವೂ ಕೆಡುತ್ತಿರಲಿಲ್ಲ. ನಮ್ಮಜ್ಜಿ ಮನೆಯ ಅಡುಗೆಮನೆ ಅಟ್ಟದಲ್ಲಿ ಮಸಿ ಹಿಡಿದ ಬುಟ್ಟಿಗಳು ಸಾಲಾಗಿದ್ದವು. ಇಲ್ಲಿ ಕತ್ತೆತ್ತಿ ನೋಡಿದಾಗ ಅದೇ ಕಪ್ಪು ತೊಲೆ ಕಂಡು ನಾನು ಸುಮಾರು ಹೊತ್ತು ಹಾಗೇ ನಿಂತಿದ್ದೆ.

ಹೊರಗೆ ಬಂದು ಮಾಡಿನ ತುದಿ ನೋಡಿ, ಮರದಲ್ಲಿ ಕೆತ್ತಿದ ಎರಡು ಕುದುರೆ ತಲೆಗಳು ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ.

ಈಗ ಆ ಕೊಟ್ಟಿಗೆಯ ವಿಷಯ. ಈ ನಡಿಗೆಯಲ್ಲಿ ನನಗೆ ಅತಿ ಮುಖ್ಯವಾದದ್ದು ಇದೇ. ಬಡ ಮರಳಿನಲ್ಲಿ ರೈ ಎಂಬ ಧಾನ್ಯ ಬೆಳೆಯಲು ಗೊಬ್ಬರ ಬೇಕಲ್ವಾ? ರೈತರು ಅಗಲ ಗುದ್ದಲಿಯಿಂದ ಹೆದರ್ ಗಿಡವನ್ನು ಬೇರು, ಮೇಲ್ಮಣ್ಣು ಸಮೇತ ಚಕ್ಕೆ ಚಕ್ಕೆಯಾಗಿ ಎಬ್ಬಿ ತರುತ್ತಿದ್ದರು. ಆ ಚಕ್ಕೆಗೆ ಪ್ಲಾಗ್ಗನ್ ಎಂದು ಹೆಸರು. ಅದನ್ನು ಕೊಟ್ಟಿಗೆಗೆ ಹಾಸಿ, ಸೆಗಣಿ ಗಂಜಲ ಸೇರಿದ ಮೇಲೆ ಹೊಲಕ್ಕೆ ಹಾಕುತ್ತಿದ್ದರು. ಶಿರಸಿ, ಸಾಗರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹಾಕುವ ಲೆಕ್ಕವೇ ಇದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಇಲ್ಲಿಯೂ ಚಿಕ್ಕ ಹೊಲವೊಂದನ್ನು ಸಾಕಲು ಅದರ ಎಷ್ಟೋ ಪಟ್ಟು ಬಯಲು ಬೇಕಾಗುತ್ತಿತ್ತು. ಮಣ್ಣೆಬ್ಬಿದ ಜಾಗದಲ್ಲಿ ಮತ್ತೆ ಹೊಸ ಹೆದರ್ ಮೊಳೆಯುತ್ತಿತ್ತು. ನೀವು ನೋಡುವ ಹೂವಿನ ಹಿಂದೆ ಈ ಬೆನ್ನು ಮುರಿಯುವ ಕೆಲಸ ಇದೆ. ಈಗ ಇದನ್ನೇ ಯಂತ್ರದಿಂದ ಮಾಡುತ್ತಾರೆ, ಚಳಿಗಾಲದಲ್ಲಿ ಕೆಲವು ಕಡೆ ಎಚ್ಚರದಿಂದ ಬೆಂಕಿಯನ್ನೂ ಕೊಡುತ್ತಾರೆ. ದಾರಿ ಬದಿ ಬೋಳಾದ ತುಂಡು ನೆಲ ಕಂಡರೆ ಯಾರೋ ಹಾಳು ಮಾಡಿದ್ದಾರೆ ಅಂದುಕೊಳ್ಳಬೇಡಿ.

ಹೊಟ್ಟೆಗೆ ಏನಾದರೂ ಬೇಕೆಂದರೆ ಬುಖ್‌ವೈಟ್ಸನ್ ಟೋರ್ಟೆ ಕೇಳಿ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು ಇದೆಯಲ್ಲ, ಅದೇ ಕಾಳಿನ ಕೇಕು. ನಡುವೆ ಕೆನೆ, ಹುಳಿ ಸಿಹಿ ಇರುವ ಕೆಂಪು ಲಿಂಗನ್‌ಬೆರಿ ಹಣ್ಣು. ಗೋಧಿ ಬೆಳೆಯದ ಈ ಮರಳಿನಲ್ಲಿ ಬೆಳೆಯುತ್ತಿದ್ದ ಕಾಳು ಅದು. ಮೊಟ್ಟೆ ತಿನ್ನದವರು ಕೇಳಿಕೊಂಡು ತೆಗೆದುಕೊಳ್ಳಿ, ಕೇಕಿನಲ್ಲಿ ಸಾಮಾನ್ಯವಾಗಿ ಇರುತ್ತದೆ.

ನಾಲ್ಕನೇ ಹೆಜ್ಜೆ: ಟೋಟನ್‌ಗ್ರುಂಡ್

ಊರಿನಿಂದ ದಕ್ಷಿಣಕ್ಕೆ ಇಪ್ಪತ್ತು ನಿಮಿಷ ನಡೆದರೆ ನೆಲ ಥಟ್ಟನೆ ಕೆಳಗಿಳಿದು ಬಟ್ಟಲಿನಂಥ ಕಣಿವೆ ಕಾಣುತ್ತದೆ. ಹೆಸರಿನ ಅರ್ಥ ‘ಸತ್ತವರ ತಗ್ಗು’. ವಿಲ್ಸೆಡೆಯಲ್ಲಿ ತೀರಿಕೊಂಡವರನ್ನು ಈ ದಾರಿಯಲ್ಲಿ ಬಿಸ್ಪಿಂಗನ್ ಊರಿಗೆ ಹೊತ್ತು ಒಯ್ಯುತ್ತಿದ್ದರು ಅಂತ ಕೆಲವರು, ಏನೂ ಬೆಳೆಯದ ಸತ್ತ ನೆಲ ಅಂತ ಇನ್ನು ಕೆಲವರು. ಅಂಚಿನ ಮೇಲೆ ನಿಂತು ನೋಡಿ. ಕಣಿವೆಯೊಳಗೆ ಇಳಿಯಬೇಡಿ, ಅಂಚಿನ ದಾರಿಯೇ ಸಾಕು, ನೋಟವೂ ಅಲ್ಲಿಂದಲೇ ಚೆನ್ನ.

ಈ ಬಯಲು ಉಳಿದಿದ್ದರೆ ಅದಕ್ಕೆ ಈ ಕಣಿವೆಯೇ ಮೊದಲು. 19ನೇ ಶತಮಾನದ ಕೊನೆಗೆ ಹೈಡೆಯ ಬದುಕು ಮುರಿದುಬಿದ್ದಿತ್ತು. ಸಾಗರದಾಚೆಯಿಂದ ಅಗ್ಗದ ಉಣ್ಣೆ ಬಂತು, ಜೇನಿನ ಬದಲು ಸಕ್ಕರೆ ಬಂತು, ಪ್ಲಾಗ್ಗನ್ ಬದಲು ಕೃತಕ ಗೊಬ್ಬರ ಬಂತು. ಬಯಲನ್ನು ಉತ್ತರು, ಪೈನ್ ನೆಟ್ಟರು. ಟೋಟನ್‌ಗ್ರುಂಡ್ ಕೂಡ ಮಾರಾಟವಾಗಿ ಮನೆಗಳೇಳುವ ಹಾಗಾದಾಗ, ಪಕ್ಕದ ಈಗೆಸ್ಟೋರ್ಫ್ ಊರಿನ ಪಾದ್ರಿ ವಿಲ್ಹೆಲ್ಮ್ ಬೋಡೆ ಓಡಾಡಿದರು. ಪ್ರೊಫೆಸರ್ ಆಂಡ್ರೆಯಾಸ್ ಥಾಮ್ಸನ್ ಕೊಟ್ಟ ಹಣದಿಂದ 1906ರಲ್ಲಿ ಕಣಿವೆಯನ್ನು ಕೊಂಡುಕೊಂಡರು. 1909ರಲ್ಲಿ ಇಂಥ ನೆಲ ಕೊಂಡು ಉಳಿಸಲೆಂದೇ ಒಂದು ಸಂಘ ಹುಟ್ಟಿತು, ಮರುವರ್ಷ ಪಕ್ಕದ ವಿಲ್ಸೆಡರ್ ಬೆರ್ಗ್ ಬೆಟ್ಟವನ್ನೂ ಕೊಂಡಿತು. ಇವತ್ತು ಸುಮಾರು 234 ಚದರ ಕಿಲೋಮೀಟರ್ ನೆಲ ರಕ್ಷಿತ. ಕುರಿ ಮಂದೆಗಳನ್ನು ಸಾಕುವುದೂ ಅದೇ ಸಂಘ.

ಐದನೇ ಹೆಜ್ಜೆ: ವಿಲ್ಸೆಡರ್ ಬೆರ್ಗ್

ಮತ್ತೆ ವಿಲ್ಸೆಡೆಗೆ ಬಂದು ಪಶ್ಚಿಮಕ್ಕೆ ತಿರುಗಿ. ಅರ್ಧ ಗಂಟೆಯೊಳಗೆ ಬೆಟ್ಟದ ತುದಿ. ಎತ್ತರ 169 ಮೀಟರ್, ಇಡೀ ಹೈಡೆಯಲ್ಲಿ ಅತಿ ಎತ್ತರದ ಜಾಗ ಇದು. ಮುಳ್ಳಯ್ಯನಗಿರಿ ಕಂಡವರಿಗೆ ಇದು ದಿಬ್ಬ ಅನ್ನಿಸಬಹುದು. ಆದರೆ ಸುತ್ತ ಎಲ್ಲ ಚಪ್ಪಟೆ ನೆಲವಾದ್ದರಿಂದ ಗಾಳಿ ಶುಭ್ರವಾಗಿದ್ದ ದಿನ ಹ್ಯಾಂಬರ್ಗ್‌ನ ಗೋಪುರಗಳೂ ಕಾಣುತ್ತವೆ.

ಅದಕ್ಕೇ ಗಣಿತಜ್ಞ ಗೌಸ್ ಇಲ್ಲಿಗೆ ಬಂದದ್ದು. 1820ರ ದಶಕದಲ್ಲಿ ಹ್ಯಾನೋವರ್ ರಾಜ್ಯವನ್ನು ತ್ರಿಕೋನಗಳಾಗಿ ಅಳೆಯುವಾಗ ಈ ತುದಿಯೂ ಅವರ ಒಂದು ಬಿಂದುವಾಗಿತ್ತು. ಕನ್ನಡಿಯಿಂದ ಬಿಸಿಲನ್ನು ದೂರದ ಬೆಟ್ಟಕ್ಕೆ ಹಾಯಿಸುವ ಹೀಲಿಯೊಟ್ರೋಪ್ ಎಂಬ ಉಪಕರಣವನ್ನು ಆ ಕೆಲಸಕ್ಕೇ ಕಂಡುಹಿಡಿದರು. ಅದೇ ಉಪಕರಣ ಆಮೇಲೆ ಭಾರತದ ಮಹಾ ಮೋಜಣಿಯಲ್ಲೂ ಬಳಕೆಯಾಯಿತು. ಆ ಮೋಜಣಿಯ ಬೇರು 1800ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಅಳೆದ ಗೆರೆಯಲ್ಲಿದೆ. ತುದಿಯಲ್ಲಿ ಗೌಸ್ ನೆನಪಿನ ಕಲ್ಲಿದೆ, ಯಾವ ದಿಕ್ಕಿಗೆ ಯಾವ ಊರು ಅಂತ ಅದರ ಮೇಲೆ ಗುರುತು ಹಾಕಿದ್ದಾರೆ. ಕಟ್ಟಿಕೊಂಡ ಬುತ್ತಿ ಬಿಚ್ಚಲು ಇಲ್ಲಿನ ಬೆಂಚುಗಳೇ ಸರಿಯಾದ ಜಾಗ.

ಆರನೇ ಹೆಜ್ಜೆ: ವಾಪಸ್, ಸುಮಾರು ಐದು ಕಿಲೋಮೀಟರ್

ದಾರಿ ತಪ್ಪುವುದಾದರೆ ಇಲ್ಲೇ. ತುದಿಯಿಂದ ಹಲವು ದಾರಿಗಳು ಕವಲಾಗುತ್ತವೆ. ನಿಮಗೆ ಬೇಕಾದದ್ದು ಉತ್ತರಕ್ಕೆ, ಉಂಡೆಲೋ ಎಂದು ಬರೆದ ಕೈಮರ. ನೀಡರ್‌ಹಾವರ್‌ಬೆಕ್ ಎಂಬ ಹೆಸರು ಹಿಡಿದರೆ ಬೇರೆಯೇ ದಿಕ್ಕಿಗೆ ಇಳಿಯುತ್ತೀರಿ. ಇಳಿಯುವ ಮೊದಲು ಫೋನಿನಲ್ಲಿ ದಿಕ್ಕು ನೋಡಿಕೊಳ್ಳಿ. ಮಧ್ಯಾಹ್ನ ಮೂರರ ನಂತರ ಈ ದಾರಿಯಲ್ಲಿ ಜನ ಕಡಿಮೆ, ಬಿಸಿಲು ಓರೆಯಾಗಿ ಬಿದ್ದು ಹೂವಿನ ಬಣ್ಣ ಇನ್ನೂ ಏರಿರುತ್ತದೆ. ನಾನು ವಿಲ್ಸೆಡೆಯನ್ನು ಬೆಳಿಗ್ಗೆಗೆ, ಬೆಟ್ಟವನ್ನು ಮಧ್ಯಾಹ್ನಕ್ಕೆ ಇಟ್ಟದ್ದು ಇದಕ್ಕೇ.

ಹೂವಿನ ಕಾಲದಲ್ಲಿ ಬಯಲಿನ ಅಂಚಿನಲ್ಲಿ ಜೇನು ಪೆಟ್ಟಿಗೆಗಳ ಸಾಲು ಕಾಣುತ್ತದೆ. ಎದುರಿನಿಂದ ಹಾಯಬೇಡಿ, ಹುಳ ಹಾರುವ ದಾರಿ ಅದು. ಹಿಂದೆ ಪೆಟ್ಟಿಗೆಯ ಬದಲು ಹುಲ್ಲಿನಿಂದ ಹೆಣೆದು, ಹೊರಗೆ ಸೆಗಣಿ ಸಾರಿಸಿದ ಬುಟ್ಟಿಗಳನ್ನು ಬೋರಲು ಹಾಕುತ್ತಿದ್ದರು. ಇಲ್ಲಿನ ಜೇನು ತುಪ್ಪ ಜೆಲ್ಲಿಯ ಹಾಗೆ ಗಟ್ಟಿ, ಸ್ವಲ್ಪ ಕಹಿ ಒಗರು. ಕಲಕಿದರೆ ನೀರಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಕೆಟ್ಟಿದೆ ಅಂದುಕೊಂಡು ಬಿಟ್ಟು ಬರಬೇಡಿ, ಇದರ ಗುಣವೇ ಅದು.

ಪಾಲಿಸಲೇಬೇಕಾದವು

ದಾರಿ ಬಿಟ್ಟು ಬಯಲಿಗೆ ಕಾಲಿಡಬೇಡಿ. ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿವೆ. ಮಧ್ಯ ಯೂರೋಪಿನ ಬಯಲು ನಾಡಿನಲ್ಲಿ ಬಹುತೇಕ ಅಳಿದುಹೋದ ಬಿರ್ಕ್‌ಹೂನ್ ಎಂಬ ಕಪ್ಪು ಕಾಡುಕೋಳಿ ಇಲ್ಲಿ ಇನ್ನೂ ಉಳಿದಿದೆ. ವಿಷದ ಹಾವೂ ಇದೆ, ಕಾಲ್ಸಪ್ಪಳ ಕೇಳಿದರೆ ತಾನೇ ಸರಿದುಹೋಗುತ್ತದೆ. ಹೂ ಕೀಳುವಂತಿಲ್ಲ, ನೆನಪಿಗೆ ಒಂದು ಕಡ್ಡಿಯೂ ಬೇಡ. ಡ್ರೋನ್ ಹಾರಿಸುವಂತಿಲ್ಲ. ನಾಯಿ ಇದ್ದರೆ ಹಗ್ಗದಲ್ಲೇ ಇರಬೇಕು. ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ಬೀಡಿ, ಸಿಗರೇಟು ಹಚ್ಚುವುದಕ್ಕೂ ಕಾನೂನಿನ ತಡೆ ಇದೆ. ಒಣ ಹೆದರ್ ಗಿಡ ಸೌದೆಗಿಂತ ಬೇಗ ಹೊತ್ತುತ್ತದೆ. ಬೆಂಕಿಯೋ ಅಪಘಾತವೋ ಕಂಡರೆ 112ಕ್ಕೆ ಫೋನ್ ಮಾಡಿ.

ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ

ಪೂರ್ತಿ ಸುತ್ತು ಅವರಿಗೆ ಜಾಸ್ತಿ ಆಗಬಹುದು. ಉಂಡೆಲೋದಿಂದ ವಿಲ್ಸೆಡೆಗೆ ಕುದುರೆ ಗಾಡಿಯಲ್ಲಿ ಕೂರಿಸಿ, ಸುಮಾರು ಒಂದು ಗಂಟೆಯ ಪಯಣ. ಅಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತು, ಅದೇ ಜನರನ್ನು ವಾಪಸ್ ಕರೆತರುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹತ್ತುವಾಗಲೇ ಕೇಳಿ. ಆ ಬಿಡುವಿನಲ್ಲಿ ಹಳೇ ಮನೆ ನೋಡಿ, ಕೇಕು ತಿಂದು, ಆಗುವುದಾದರೆ ಟೋಟನ್‌ಗ್ರುಂಡ್ ಅಂಚಿನವರೆಗೆ ಹೋಗಿ ಬರಬಹುದು. ನನ್ನ ಅಮ್ಮ ಬಂದಾಗ ಹೀಗೇ ಮಾಡಿದೆವು. ಹೂವನ್ನು ಒಂದು ಸಲ ನೋಡಿ ‘ಚೆನ್ನಾಗಿದೆ’ ಅಂದರು. ಕೊಟ್ಟಿಗೆಗೆ ಹಾಸುತ್ತಿದ್ದ ಮಣ್ಣಿನ ಚಕ್ಕೆಯ ವಿಷಯ ಹೇಳಿದಾಗ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಿದ್ದರು, ಮಳೆಗಾಲಕ್ಕೆ ಏನು ಮಾಡುತ್ತಿದ್ದರು, ಹೆಂಗಸರೂ ಹೊರುತ್ತಿದ್ದರಾ ಅಂತ.

ಸಂಜೆ ಉಂಡೆಲೋಗೆ ಬಂದ ಮೇಲೆ ಶೂ ಬಿಚ್ಚಿ ಮರಳು ಕೊಡವಿ. ಮನೆ ತಲುಪಿ ಸ್ನಾನಕ್ಕೆ ಹೋಗುವಾಗ ಮೊಣಕಾಲ ಹಿಂದೆ, ಸೊಂಟ, ಕಂಕುಳು, ಮಕ್ಕಳಿಗಾದರೆ ತಲೆಗೂದಲು, ಎಲ್ಲ ಕಡೆ ಉಣುಗು ಇದೆಯಾ ಅಂತ ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನಿಧಾನಕ್ಕೆ ನೇರ ಎಳೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ಕಚ್ಚಿದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ, ತಾರೀಕು ಬರೆದಿಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಬಳೆ ಹರಡುತ್ತಾ ಹೋದರೆ ತಡ ಮಾಡದೆ ಡಾಕ್ಟರ ಬಳಿ ಹೋಗಿ.